ಗಾಳಿ ಸೋಕಿದರೆ ಸಾಯುವ ಅತಿಥಿಗೆ ಅಡುಗೆ

ಚಿಕ್ಕಮ್ಮನ ಕೈಯಡುಗೆ ಉಂಡವರಲ್ಲಿ ಒಬ್ಬರೂ ಬಾಯಿಬಿಟ್ಟು ಹೊಗಳಿದ್ದಿಲ್ಲ. ಅದು ಅವರ ತಪ್ಪಲ್ಲ, ಅವರಿಗೆ ಬಾಯಿಯೇ ಇರಲಿಲ್ಲ. ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿದ್ದ ಪ್ರಯೋಗಾಲಯದಲ್ಲಿ ಆಕೆ ಅಡುಗೆ ಮಾಡುತ್ತಿದ್ದದ್ದು ಬ್ಯಾಕ್ಟೀರಿಯಾಗಳಿಗೆ. ರೋಗಿಯ ಗಾಯದಲ್ಲೋ ರಕ್ತದಲ್ಲೋ ಕತ್ತರಿಸಿ ತೆಗೆದ ಗಡ್ಡೆಯಲ್ಲೋ ಅಡಗಿರುವ ಸೂಕ್ಷ್ಮಜೀವಿಯನ್ನು ಕಣ್ಣಿಗೆ ಕಾಣುವಷ್ಟು ಬೆಳೆಸಬೇಕಾದರೆ ಮೊದಲು ಅದಕ್ಕೆ ಹೊಟ್ಟೆ ತುಂಬಾ ಹಾಕಬೇಕು. ಆ ಹಾಕುವ ಕೆಲಸ ಚಿಕ್ಕಮ್ಮನದು. ಸೂಕ್ಷ್ಮಜೀವಿಗಳ ನಡುವೆ ಇದ್ದೂ ಇದ್ದೂ ಆಕೆಯೂ ಸೂಕ್ಷ್ಮ ಜೀವಿಯಾಗಿದ್ದಳು. ಅಡುಗೆಯ ಬಗ್ಗೆ ಅರ್ಧ ಮಾತಾಡಿದರೂ ಮೂಗಿನ ತುದಿ ಕೆಂಪಾಗುತ್ತಿತ್ತು.

ಅದಕ್ಕೆ ಮೊದಲು ಆಕೆ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವಳಾಗಿದ್ದಳು. ಕಾರ್ಖಾನೆ ಮುಚ್ಚಿತು, ಕ್ಯಾಂಟೀನೂ ಒಲೆ ಆರಿಸಿತು. ಚಿಕ್ಕಪ್ಪ ಆಗ ಇದೇ ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸುತ್ತಿದ್ದ. ಜೀವನದ ಏರಿಳಿತಗಳ ಬಗ್ಗೆ ಅವನಷ್ಟು ಅಧಿಕಾರದಿಂದ ಮಾತಾಡಬಲ್ಲವರು ನಮ್ಮ ಕುಟುಂಬದಲ್ಲಿ ಇನ್ನೊಬ್ಬರಿಲ್ಲ. ಲಿಫ್ಟಿನೊಳಗೆ ಕೇಳಿಸಿಕೊಂಡದ್ದನ್ನು ಹೊರಗೆ ಹೇಳಬಾರದೆಂಬುದು ಅವನ ವೃತ್ತಿಧರ್ಮ, ಮನೆ ಎಂಬುದು ಹೊರಗಲ್ಲ ಎಂಬುದು ಅವನ ವ್ಯಾಖ್ಯಾನ. ಪ್ರಯೋಗಾಲಯದ ಮುಖ್ಯಸ್ಥೆ, ಎಲ್ಲರೂ ದೊಡ್ಡ ಮೇಡಂ ಎಂದು ಕರೆಯುವ ಗಿಡ್ಡ ಹೆಂಗಸು, ಅಡುಗೆಯವರು ಬಿಟ್ಟುಹೋದರೆಂದು ಲಿಫ್ಟಿನಲ್ಲಿ ಯಾರೊಡನೆಯೋ ಗೋಳಾಡಿದರು. ಆ ಗೋಳು ಸಂಜೆಯೊಳಗೆ ಚಿಕ್ಕಮ್ಮನ ಕಿವಿ ಮುಟ್ಟಿತು. ಮಾರನೇ ದಿನ ಆಕೆ ಮೇಡಂ ಮುಂದೆ ನಿಂತಿದ್ದಳು.

"ಅಡುಗೆ ಚೆನ್ನಾಗಿ ಬರುತ್ತಾ?" ಮೇಡಂ ಕೇಳಿದರು.

"ಯಾರಿಗೆ ಮಾಡ್ಬೇಕು?"

"ಬ್ಯಾಕ್ಟೀರಿಯಾಗೆ."

ಚಿಕ್ಕಮ್ಮ ಗಲ್ಲ ಕೆರೆದುಕೊಂಡಳು. "ಖಾರ ತಿಂತಾವಾ?"

ಕೆಲಸ ಸಿಕ್ಕಿದ್ದು ಆ ಪ್ರಶ್ನೆಗೇ ಎಂದು ಮೇಡಂ ಆಮೇಲೆ ಹೇಳಿದ್ದುಂಟು. ಉಣ್ಣುವವರ ನಾಲಿಗೆ ವಿಚಾರಿಸುವ ಅಡುಗೆಯವಳು ಎಲ್ಲ ಕಡೆ ಸಿಗುವುದಿಲ್ಲವಂತೆ.

ಅಡುಗೆ ಸರಳವೇ. ಕಡಲಕಳೆಯಿಂದ ತೆಗೆದ, ತಣ್ಣಗಾದರೆ ಹೆಪ್ಪುಗಟ್ಟುವ ಪುಡಿ, ಮಾಂಸದ ಸಾರ, ಉಪ್ಪು. ಎಲ್ಲವನ್ನೂ ಕುಕ್ಕರಿನ ದೊಡ್ಡಪ್ಪನಂಥ ಒಂದು ಉಕ್ಕಿನ ಹಂಡೆಯಲ್ಲಿ ಬೇಯಿಸಿ, ಕೈ ತಾಳುವಷ್ಟು ಆರಿದ ಮೇಲೆ ಒಂದಿಷ್ಟು ಪ್ರಾಣಿರಕ್ತ ಬೆರೆಸಿ, ಮುಚ್ಚಳದ ಚಪ್ಪಟೆ ಬಟ್ಟಲುಗಳಿಗೆ ಸುರಿಯಬೇಕು. ಆರುವ ಮುಂಚೆ ರಕ್ತ ಹಾಕಿದರೆ ಅದು ಕಂದಿಹೋಗುತ್ತದೆ, ತಡಮಾಡಿದರೆ ಹಂಡೆಯಲ್ಲೇ ಗಟ್ಟಿಯಾಗುತ್ತದೆ. ಚಿಕ್ಕಮ್ಮ ಹಂಡೆಯಿಂದ ಗಾಜಿನ ಕುಪ್ಪಿಗೆ ಒಂದಿಷ್ಟು ತೆಗೆದು, ಅದನ್ನು ಮಣಿಕಟ್ಟಿನ ಒಳಮೈಗೆ ತಾಗಿಸಿ ನೋಡುತ್ತಿದ್ದಳು, ಮಗುವಿನ ಹಾಲು ನೋಡುವಂತೆ.

ಆಕೆಯ ನಿಜವಾದ ಹೆಮ್ಮೆ ಇದ್ದದ್ದು ಬಟ್ಟಲುಗಳ ಒಣತನದಲ್ಲಿ. ಬಿಸಿ ಸುರಿದಾಗ ಹಬೆಯೆದ್ದು ಮುಚ್ಚಳದ ಒಳಗೆ ಹನಿಗಟ್ಟುತ್ತದೆ. ಹನಿ ಕೆಳಗೆ ಬಿದ್ದರೆ ಬೇರೆ ಬೇರೆ ಬೆಳೆಯಬೇಕಾದ ಕ್ರಿಮಿಗಳು ಒಂದರ ಮೇಲೊಂದು ಹರಿದು ಕಲಸುಮೇಲೋಗರವಾಗುತ್ತವೆ. ಅದಕ್ಕೆ ಸಂಜೆ ಮನೆಗೆ ಹೊರಡುವ ಮುನ್ನ ಶುದ್ಧ ಗಾಳಿ ಬೀಸುವ ಕಪಾಟಿನಲ್ಲಿ ಬಟ್ಟಲುಗಳನ್ನು ಸಾಲಾಗಿಟ್ಟು, ಮುಚ್ಚಳವನ್ನು ಒಂದಿಷ್ಟು ಸರಿಸಿ ಹೋಗುವುದು ಆಕೆಯ ಪದ್ಧತಿ. ಬೆಳಿಗ್ಗೆ ಬಂದರೆ ಒಂದು ಹನಿ ಇಲ್ಲದೆ ಕೆಂಪು ಕನ್ನಡಿಯಂತೆ ಹೊಳೆಯುತ್ತಿದ್ದವು. ಹೊರಗಿನಿಂದ ಬಂದ ಗಣ್ಯರಿಗೆ ಮೇಡಂ ಮೈಕ್ರೋಸ್ಕೋಪಿಗಿಂತ ಮೊದಲು ಇವನ್ನೇ ತೋರಿಸುತ್ತಿದ್ದರು.

ಅತಿಥಿಗಳಲ್ಲಿ ಒಬ್ಬನಿಗೆ ಚಿಕ್ಕಮ್ಮ ಅಡ್ಡಹೆಸರನ್ನೇ ಇಟ್ಟಿದ್ದಳು: ಕದಿರಪ್ಪ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ನೂಲುವ ಕದಿರಿನ ಹಾಗೆ ನೀಳವಾಗಿ, ಎರಡೂ ತುದಿ ಚೂಪಾಗಿ ಕಾಣುತ್ತಿದ್ದ. ಅವನ ಸ್ವಂತ ಊರು ನಮ್ಮ ನಿಮ್ಮೆಲ್ಲರ ಬಾಯಿ. ಹಲ್ಲು ಒಸಡು ಸೇರುವ ಸಂದಿಯಲ್ಲಿ ತಲೆತಲಾಂತರದಿಂದ ಬಿಟ್ಟಿ ಬಾಡಿಗೆಗೆ ಇರುವ ಗಿರಾಕಿ. ಅವನಿಗೆ ಗಾಳಿ ಆಗದು. ಆಮ್ಲಜನಕ ಸೋಕಿದರೆ ಕೈಕಾಲು ಬಿಟ್ಟು ಬಿದ್ದೇಬಿಡುತ್ತಾನೆ. ಆದ್ದರಿಂದ ಅವನನ್ನು ಬೆಳೆಸುವುದಕ್ಕೆ ಆಮ್ಲಜನಕ ತೆಗೆದುಹಾಕಿದ ಒಂದು ದೊಡ್ಡ ಗಾಜಿನ ಗೂಡಿತ್ತು. ಗೂಡಿನ ಗೋಡೆಗೆ ತೋಳುದ್ದದ ರಬ್ಬರ್ ಗವುಸುಗಳನ್ನು ಅಂಟಿಸಿದ್ದರು. ಹೊರಗೆ ನಿಂತು ಅವುಗಳೊಳಗೆ ಕೈ ತೂರಿಸಿ ಒಳಗಿನ ಕೆಲಸ ಮಾಡಬೇಕು. ಆ ಕೆಲಸ ಸಂಶೋಧಕರದು. ಚಿಕ್ಕಮ್ಮ ಅಡುಗೆ ಮಾಡಿಕೊಡುತ್ತಿದ್ದಳು, ಬಡಿಸುತ್ತಿದ್ದವರು ಅವರು.

ಬಾಯಲ್ಲಿರುವ ಈ ಅಯ್ಯನ ಬೆನ್ನು ಹತ್ತಲು ಮೇಡಂಗೆ ಕಾರಣವಿತ್ತು. ಕರುಳಿನ ಕ್ಯಾನ್ಸರ್ ಗಡ್ಡೆಗಳಲ್ಲಿ ಅನೇಕ ಸಲ ಇವನು ಸಿಕ್ಕಿಬೀಳುತ್ತಿದ್ದ. ಕರುಳಿನ ಕ್ಯಾನ್ಸರ್ ಕರುಳಿನಲ್ಲೇ ಇದ್ದರೆ ಸರ್ಜನ್ನರ ಕತ್ತರಿಗೆ ಸಿಗುತ್ತದೆ, ಅದು ಊರು ಬಿಟ್ಟು ಹೊರಟಾಗಲೇ ಪ್ರಾಣಕ್ಕೆ ಸಂಚಕಾರ. ಹೊರಟರೆ ಹೆಚ್ಚಾಗಿ ಹೋಗುವುದು ಲಿವರಿಗೆ. ಕರುಳಿನ ರಕ್ತದ ಹೆದ್ದಾರಿಯಲ್ಲಿ ಮೊದಲ ನಿಲ್ದಾಣ ಅದೇ. ಹಾಗೆ ಹೋಗುವಾಗ ಕದಿರಪ್ಪನೂ ಜೊತೆಗೆ ಹೋಗುತ್ತಾನೆಯೇ? ಬರೀ ಬಾಲ ಹಿಡಿದು ಹೋಗುತ್ತಾನೋ, ದಾರಿ ಮಾಡಿಕೊಡುತ್ತಾನೋ? ಬೇರೆ ಕೆಲವು ಕ್ರಿಮಿಗಳ ಮೇಲೆ ಇನ್ನೂ ದೊಡ್ಡ ಅನುಮಾನವಿತ್ತು. ಅವು ಕರುಳಿನ ಗೋಡೆ ದಾಟಿ ಮುಂಚಿತವಾಗಿಯೇ ಲಿವರಿಗೆ ಹೋಗಿ, ಬಸ್ಸಿನ ಕಿಟಕಿಯಿಂದ ಕರವಸ್ತ್ರ ಎಸೆದು ಸೀಟು ಹಿಡಿಯುವವರ ಹಾಗೆ, ಹಿಂದೆ ಬರುವ ಕ್ಯಾನ್ಸರ್ ಕೋಶಗಳಿಗೆ ಜಾಗ ಸಿದ್ಧ ಮಾಡುತ್ತವೆಂದು.

ಕದಿರಪ್ಪನ ಪಾತ್ರ ಏನೆಂದು ಪರೀಕ್ಷಿಸಬೇಕಾದರೆ ಲಿವರಿನ ಗಡ್ಡೆಯಿಂದ ಅವನನ್ನು ಜೀವಂತವಾಗಿ ಹಿಡಿಯಬೇಕು. ದೂರದ ಬೇರೆ ಪ್ರಯೋಗಾಲಯಗಳಲ್ಲಿ ಹಿಡಿದಿದ್ದರು. ಇಲ್ಲಿ ಆಗುತ್ತಿರಲಿಲ್ಲ. ಕರುಳಿನ ತುಣುಕುಗಳಿಂದ ಚೆನ್ನಾಗಿಯೇ ಬರುತ್ತಿದ್ದ. ಲಿವರಿನ ತುಣುಕು ಇಟ್ಟ ಬಟ್ಟಲುಗಳು ಬೋಳು. ಸತ್ತವನ ಗುರುತು ಸಿಗುತ್ತಿತ್ತು, ಬದುಕಿದವನು ಸಿಗುತ್ತಿರಲಿಲ್ಲ.

ಈ ನಡುವೆ ಚಿಕ್ಕಮ್ಮನ ಹೊಟ್ಟೆ ಕೆಟ್ಟಿತು. ಮೊದಲು ಆಯಾಸ, ಆಮೇಲೆ ರಕ್ತ. ಮೂಲವ್ಯಾಧಿ ಇರಬೇಕೆಂದು ತಾನೇ ತೀರ್ಮಾನ ಮಾಡಿಕೊಂಡು ಬಾಯಿ ಮುಚ್ಚಿಕೊಂಡಿದ್ದಳು. ಹಂಡೆ ಎತ್ತುವಾಗ ಏದುಸಿರು ಬಿಡುವುದನ್ನು ಮೇಡಂ ಕಂಡು, ಕೈಹಿಡಿದು ಮೇಲಿನ ಮಹಡಿಗೆ ಎಳೆದೊಯ್ದರು. ಪರೀಕ್ಷೆಯಾಯಿತು. ಕರುಳಿನ ಕ್ಯಾನ್ಸರೇ. ಶಸ್ತ್ರಚಿಕಿತ್ಸೆಯಾಗಿ ಗಡ್ಡೆ ಹೊರಬಂತು. ಅದರ ತುಣುಕೊಂದು, ಆಕೆ ಒಪ್ಪಿಗೆ ಕೊಟ್ಟಿದ್ದರಿಂದ, ನೆಲಮಾಳಿಗೆಗೂ ಬಂತು. ಅದರಲ್ಲಿ ಕದಿರಪ್ಪ ದಂಡುಕಟ್ಟಿಕೊಂಡು ಕೂತಿದ್ದ.

"ಹೊರಗೆ ಬಡಿಸಿದ್ದು ಸಾಲದು ಅಂತ ಒಳಗೂ ಊಟ ಹಾಕಿದ್ದೆ ನೋಡಿ," ಎಂದಳು ಚಿಕ್ಕಮ್ಮ, ಹಾಸಿಗೆಯ ಮೇಲೆ ಹೊಟ್ಟೆ ಹಿಡಿದುಕೊಂಡೇ.

"ಇಲ್ಲಿಂದ ಅಂಟಿದ್ದಲ್ಲ, ಇವನು ಎಲ್ಲರ ಬಾಯಲ್ಲೂ ಇರ್ತಾನೆ," ಎಂದು ಮೇಡಂ ಸಮಾಧಾನ ಹೇಳಿದರು.

"ಗೊತ್ತು ಬಿಡಿ. ಆದ್ರೂ ಸಂಬಳ ತಗೊಂಡು ಸಾಕಿದವಳ ಹೊಟ್ಟೆಗೇ ಕೈ ಹಾಕೋದಾ? ಅಷ್ಟಾದ್ರೂ ಮರ್ಯಾದೆ ಬೇಡ್ವಾ?"

ಔಷಧಿಯ ಸರದಿ ಮುಗಿಸಿ ಆಕೆ ಕೆಲಸಕ್ಕೆ ಮರಳಿದಳು. ಕೂದಲು ತೆಳುವಾಗಿತ್ತು, ನಾಲಿಗೆ ಹಾಗೇ ಇತ್ತು. ಸ್ವಲ್ಪ ಕಾಲ ಎಲ್ಲವೂ ಸರಿಯಿತ್ತು. ಆಮೇಲೊಂದು ಸ್ಕ್ಯಾನಿನಲ್ಲಿ ಲಿವರಿನ ಅಂಚಿನಲ್ಲಿ ಒಂದು ಚುಕ್ಕೆ ಕಂಡಿತು.

ಲಿವರ್ ಎಂದರೆ ಚಿಕ್ಕಪ್ಪನಿಗೆ ಅಲ್ಲಿಯವರೆಗೆ ಗೊತ್ತಿದ್ದದ್ದು ಹಳೆಯ ಲಿಫ್ಟಿನಲ್ಲಿ ಎಳೆಯುತ್ತಿದ್ದ ಹಿತ್ತಾಳೆಯ ಹಿಡಿಕೆ ಒಂದೇ. ಸರ್ಜನ್ ಚಿತ್ರ ಬರೆದು ತೋರಿಸಿದರು. ಚುಕ್ಕೆ ಒಂದೇ ಇದೆ, ಅಂಚಿನಲ್ಲಿದೆ, ಕತ್ತರಿಸಿ ತೆಗೆಯಬಹುದು, ಮಿಕ್ಕ ಲಿವರ್ ತಾನೇ ಬೆಳೆದುಕೊಳ್ಳುತ್ತದೆ. ಚಿಕ್ಕಪ್ಪ ಚಿತ್ರವನ್ನು ತಲೆಕೆಳಗಾಗಿ ಹಿಡಿದುಕೊಂಡು ತಲೆದೂಗಿದ. ಚಿಕ್ಕಮ್ಮ ಕೇಳಿದ್ದು ಒಂದೇ ಪ್ರಶ್ನೆ: "ತೆಗೆದದ್ದರಲ್ಲಿ ನಮ್ಮ ನೆಲಮಾಳಿಗೆಗೆ ಒಂದು ತುಣುಕು ಸಿಗುತ್ತಾ?"

ಸಿಗುತ್ತದೆ, ಆದರೆ ಒಂದೇ. ಬೆಳೆದರೆ ಬೆಳೆಯಿತು, ಇಲ್ಲದಿದ್ದರೆ ಮತ್ತೆ ಕೇಳಲು ಚಿಕ್ಕಮ್ಮನಿಗೆ ಇನ್ನೊಂದು ಚುಕ್ಕೆ ಬರಬೇಕಾಗುತ್ತದೆ, ಅದನ್ನು ಯಾರೂ ಬಯಸುವುದಿಲ್ಲ.

"ಆ ಕಳ್ಳ ನನ್ನ ಕರುಳಿಂದ ಲಿವರ್ ತನಕ ನಡ್ಕೊಂಡು ಹೋಗಿದಾನೋ ಇಲ್ವೋ ನಾನು ನೋಡಲೇಬೇಕು," ಎಂದಳು ಮೇಡಂ ಬಳಿ. "ಅವತ್ತಿನ ಬಟ್ಟಲು ನಾನೇ ಸುರಿದಿಟ್ಟು ಹೋಗ್ತೀನಿ."

"ನೀವೀಗ ಪೇಷಂಟ್, ಚಿಕ್ಕಮ್ಮ." ಮೇಡಂ ಕೂಡ ಆಕೆಯನ್ನು ಚಿಕ್ಕಮ್ಮನೆಂದೇ ಕರೆಯುತ್ತಿದ್ದರು.

"ಪೇಷಂಟೇ. ಅದಕ್ಕೇ ಪೇಶನ್ಸ್ ಇಲ್ಲ."

ಶಸ್ತ್ರಚಿಕಿತ್ಸೆಗೆ ಮುಂಚಿನ ತಪಾಸಣೆಗಳಿಗಾಗಿ ಚಿಕ್ಕಮ್ಮ ಮೇಲಿನ ಮಹಡಿಗಳಲ್ಲಿ ಅಲೆಯಬೇಕಾಯಿತು. ಆ ದಿನಗಳಲ್ಲಿ ಅಡುಗೆಮನೆಯ ಹೊಣೆ ಕನ್ನಡಕನ ಮೇಲೆ ಬಿತ್ತು. ಕನ್ನಡಕ ಎಂದರೆ ಕದಿರಪ್ಪನ ಮೇಲೆ ಸಂಶೋಧನೆ ಮಾಡುತ್ತಿದ್ದ ಯುವಕ. ಸೀಸೆಯ ತಳದಷ್ಟು ದಪ್ಪ ಕನ್ನಡಕ, ಅದನ್ನು ಹಣೆಯ ಮೇಲಿಟ್ಟುಕೊಂಡು ಊರೆಲ್ಲ ಹುಡುಕುವ ಅಭ್ಯಾಸ. ಅವನು ಹಂಡೆ ಉಕ್ಕಿಸಿದ, ನೆಲಕ್ಕೂ ಒಂದಿಷ್ಟು ಬಡಿಸಿದ, ಹೇಗೋ ಬಟ್ಟಲುಗಳಿಗೆ ಸುರಿದ. ಒಣಗಿಸುವ ಕಪಾಟಿನಲ್ಲಿ ಬೇರೆಯವರ ಸಾಮಾನಿತ್ತು. ಅದನ್ನು ತೆರವು ಮಾಡಲು ಸೋಮಾರಿತನವಾಗಿ, ಹೆಪ್ಪುಗಟ್ಟಿದ ಕೂಡಲೇ ಒದ್ದೆ ಬಟ್ಟಲುಗಳನ್ನು ನೇರವಾಗಿ ಗಾಜಿನ ಗೂಡಿನೊಳಕ್ಕೆ ತಳ್ಳಿಬಿಟ್ಟ. ಫ್ರೀಜರಿನಲ್ಲಿದ್ದ ಒಬ್ಬ ಹಳೆಯ, ಬಡಕಲು ಕದಿರಪ್ಪನನ್ನು ಅವುಗಳ ಮೇಲೆ ಬಿಟ್ಟ.

ಚಿಕ್ಕಮ್ಮ ಮರಳಿ ಬಂದವಳೇ ಗೂಡಿನ ಗಾಜಿಗೆ ಮುಖ ಒತ್ತಿ ನೋಡಿದಳು.

"ಇದೇನಯ್ಯಾ, ಬಟ್ಟಲೋ ಬಚ್ಚಲೋ? ಮುಚ್ಚಳದಿಂದ ನೀರು ಸುರೀತಿದೆ! ಇದರಲ್ಲಿ ಕ್ರಿಮಿ ಬೆಳೆಸ್ತೀಯೋ ಮೀನು ಸಾಕ್ತೀಯೋ?"

"ಬೈಯೋ ಮುಂಚೆ ಒಳಗೆ ಏನಿದೆ ನೋಡಿ ಚಿಕ್ಕಮ್ಮ."

"ಏನಿರುತ್ತೆ, ಕೆರೆ ಇರುತ್ತೆ."

"ನೋಡಿ ಅಂದ್ನಲ್ಲ."

ನೋಡಿದಳು. ಆ ಬಡಕಲು ಕದಿರಪ್ಪ, ಆಕೆಯ ಒಣ ಬಟ್ಟಲುಗಳಲ್ಲಿ ಎಂದೂ ಅಲ್ಲೊಂದು ಇಲ್ಲೊಂದು ಚುಕ್ಕೆಗಿಂತ ಮೇಲೆ ಏಳದವನು, ಈ ಬಚ್ಚಲಿನಲ್ಲಿ ಅಂಚಿನಿಂದ ಅಂಚಿಗೆ ಹಬ್ಬಿಕೊಂಡಿದ್ದ.

ಚಿಕ್ಕಮ್ಮ ಸೆರಗಿನಿಂದ ಗಾಜು ಒರೆಸಿ ಮತ್ತೊಮ್ಮೆ ನೋಡಿದಳು.

"ನೀರು ಇದ್ದದ್ದಕ್ಕಲ್ಲ," ಎಂದ ಕನ್ನಡಕ ಮೆತ್ತಗೆ. "ಒಣಗಿಸೋವಾಗ ಆ ಜೆಲ್ಲಿ ಗಾಳಿ ಕುಡಿಯುತ್ತೆ ಅನ್ಸುತ್ತೆ. ಆಮೇಲೆ ಗೂಡಿನೊಳಗೆ ಇಟ್ರೂ ಅದರ ಹೊಟ್ಟೇಲಿ ಗಾಳಿ ಇರುತ್ತಲ್ವಾ."

"ಕರುಳಿನ ತುಣುಕಿಂದ ಬರ್ತಿದ್ನಲ್ಲ? ನನ್ನ ಬಟ್ಟಲಲ್ಲೇ ತಾನೆ?"

"ಅಲ್ಲಿಂದ ಬರೋದು ಜಾತ್ರೆ ಚಿಕ್ಕಮ್ಮ. ಅರ್ಧ ಸತ್ರೂ ಅರ್ಧ ಉಳೀತಾರೆ. ಲಿವರಿಂದ ಬರೋರು ನಾಲ್ಕು ಜನ, ಅವರೂ ದಾರಿ ನಡೆದು ಸುಸ್ತಾದೋರು."

ಬೇರೆಲ್ಲ ಅತಿಥಿಗಳಿಗೂ ಸರಿಯಾಗಿದ್ದ ಮರ್ಯಾದೆ ಈ ಒಬ್ಬನಿಗೆ ವಿಷವಾಗಿತ್ತು. ಬಂದ ನೆಂಟನನ್ನು ಚೆನ್ನಾಗಿ ಒರೆಸಿ ಹೊಳೆಯುವ ಮಣೆಯ ಮೇಲೆ ಕೂರಿಸಿ, ಉಸಿರುಗಟ್ಟಿಸಿ ಕೊಂದಂತಾಗಿತ್ತು.

ಆ ಸಂಜೆ ಚಿಕ್ಕಮ್ಮ ಮನೆಯಲ್ಲಿ ತಟ್ಟೆಯನ್ನು ಮುಟ್ಟಲಿಲ್ಲ. ಶಸ್ತ್ರಚಿಕಿತ್ಸೆಯ ಹೆದರಿಕೆ ಇರಬೇಕೆಂದು ಚಿಕ್ಕಪ್ಪ ಎದುರು ಕೂತ.

"ಸರ್ಜನ್ನು ಒಳ್ಳೇವ್ರು ಕಣೇ. ಲಿಫ್ಟಲ್ಲಿ ಯಾವಾಗ್ಲೂ ಸಿಳ್ಳೆ ಹಾಕ್ತಾರೆ. ಕೈ ನಡುಗೋರು ಸಿಳ್ಳೆ ಹಾಕಲ್ಲ."

"ಅದಲ್ಲರೀ. ನಾನೇ ಸಾಯಿಸಿಬಿಟ್ಟೆ."

"ಯಾರನ್ನೇ?" ಚಿಕ್ಕಪ್ಪ ಗಾಬರಿಯಿಂದ ಬಾಗಿಲಿನ ಕಡೆ ನೋಡಿದ.

"ಕದಿರಪ್ಪನ್ನ. ಲಿವರಿಂದ ಬಂದೋರನ್ನೆಲ್ಲ. ಇಷ್ಟು ವರ್ಷ."

"ಕ್ಯಾನ್ಸರ್ ಕ್ರಿಮಿ ಸತ್ತಿದ್ದಕ್ಕೆ ಅಳೋ ಹೆಂಗಸನ್ನ ಇವತ್ತೇ ನೋಡಿದ್ದು ನಾನು!"

"ನಿಮಗೆ ಲಿಫ್ಟ್ ಬಿಟ್ರೆ ಏನೂ ತಲೆಗೇರಲ್ಲ. ಹೊರಗೆ ಬದುಕಿಸಿ ಇಟ್ಕೊಂಡ್ರೆ ತಾನೆ ಒಳಗೆ ಹೇಗೆ ಕೊಲ್ಲೋದು ಅಂತ ಗೊತ್ತಾಗೋದು? ಎಷ್ಟು ಜನ ತಮ್ಮ ಲಿವರಿನ ತುಂಡು ಕೊಟ್ಟು ಹೋದ್ರು. ನಾನು ಬಟ್ಟಲು ಹೊಳೆಯುತ್ತೆ ಅಂತ ಬೀಗ್ತಾ ಇದ್ದೆ."

ಚಿಕ್ಕಪ್ಪ ತಟ್ಟೆಯನ್ನು ಆಕೆಯ ಕಡೆಗೆ ತಳ್ಳಿದ. "ನಿನ್ನ ತುಂಡು ಇನ್ನೂ ಒಳಗೇ ಇದೆಯಲ್ಲ. ಅದಕ್ಕೆ ಸರಿಯಾಗಿ ಮಾಡು. ಮೊದಲು ನೀನು ತಿನ್ನು."

ಮಾರನೇ ದಿನ ಚಿಕ್ಕಮ್ಮ ಮೇಡಂ ಕೋಣೆಯ ಬಾಗಿಲು ತಟ್ಟಿದಳು. ಬಾಗಿಲು ತಟ್ಟುವ ಅಭ್ಯಾಸ ಆಕೆಗಿಲ್ಲದ್ದರಿಂದಲೇ ಮೇಡಂಗೆ ವಿಷಯ ಗಂಭೀರವಾದದ್ದೆಂದು ಗೊತ್ತಾಯಿತು. ಪೂರ್ತಿ ಕೇಳಿಸಿಕೊಂಡು ಅವರು ಕುರ್ಚಿಗೆ ಒರಗಿದರು.

"ಆ ಒಣ ಬಟ್ಟಲನ್ನ ಬಂದವರಿಗೆಲ್ಲ ತೋರಿಸಿ ಮೆರೆದವಳು ನಾನು. ಅಳೋದಾದ್ರೆ ಇಬ್ಬರೂ ಅಳೋಣ, ಆದ್ರೆ ಈಗ ಟೈಮಿಲ್ಲ. ಮೊದಲು ನಿಜವಾ ಅಂತ ನೋಡೋಣ."

ನೋಡಿದರು. ಒಂದೇ ಹಂಡೆಯ ಅಡುಗೆ, ಅರ್ಧ ಬಟ್ಟಲುಗಳನ್ನು ಒಣಗಿಸಿ, ಅರ್ಧವನ್ನು ಸುರಿದು ಹೆಪ್ಪುಗಟ್ಟಿದೊಡನೆ ಗೂಡಿಗೆ ಸೇರಿಸಿ. ಬಡಕಲು ಕದಿರಪ್ಪನ ಬಳಗದಿಂದ ಎಣಿಸಿ ಎಣಿಸಿ ಕೆಲವರನ್ನಷ್ಟೇ ಎರಡರ ಮೇಲೂ ಬಿಟ್ಟರು. ಒಣಗಿದ್ದರಲ್ಲಿ ಬೋಳು, ಹಸಿಯದರಲ್ಲಿ ಬೆಳೆ. ಅನುಮಾನವೇ ಉಳಿಯಲಿಲ್ಲ. ಹನಿ ಬಿದ್ದು ಕಲಸಿಹೋಗುವ ಕಾಟ ಹಾಗೇ ಇತ್ತು. ಅದಕ್ಕೆ ಚಿಕ್ಕಮ್ಮ ಹೆಪ್ಪುಗಟ್ಟುವ ಅಂಚಿನ ತನಕ ಹಂಡೆ ಆರಿಸಿ, ಕೊನೇ ಗಳಿಗೆಯಲ್ಲಿ ಸುರಿದಳು. ಹಬೆಯೇ ಕಮ್ಮಿಯಾಯಿತು. ಕನ್ನಡಕ ಗೂಡಿನೊಳಗೆ ಬಟ್ಟಲುಗಳನ್ನು ಕವುಚಿಟ್ಟ. ಹನಿ ಬಿದ್ದರೂ ಮುಚ್ಚಳಕ್ಕೇ ಬೀಳಲಿ ಎಂದು.

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಆಕೆ ತನ್ನ ಲಿವರಿನ ತುಣುಕಿಗೆ ಬೇಕಾದ ಅಡುಗೆಯನ್ನು ತಾನೇ ಮುಗಿಸಿದಳು. ಒದ್ದೆಯಾಗಿ ಮಂಕಾಗಿದ್ದ ಆ ಬಟ್ಟಲುಗಳನ್ನು ಬಿಟ್ಟು ಹೋಗುವಾಗ, ತಲೆ ಬಾಚದ ಮಗುವನ್ನು ಶಾಲೆಗೆ ಕಳಿಸುವ ತಾಯಿಯ ಮುಖವಿತ್ತಂತೆ. ಕನ್ನಡಕ ಹೇಳಿದ್ದು.

ಶಸ್ತ್ರಚಿಕಿತ್ಸೆಯ ದಿನ ಚಿಕ್ಕಪ್ಪ ರಜೆ ಹಾಕಲಿಲ್ಲ. ಬೆಂಚಿನ ಮೇಲೆ ಕೂತು ಉಗುರು ಕಚ್ಚುವುದಕ್ಕಿಂತ ತನ್ನ ಡಬ್ಬದೊಳಗೇ ಇರುತ್ತೇನೆಂದ. ತುಣುಕು ಹೊರಬರುವ ಹೊತ್ತಿಗೆ ಲಿಫ್ಟನ್ನು ಆಪರೇಷನ್ ಮಹಡಿಯಲ್ಲಿ ಬಾಗಿಲು ತೆರೆದು ನಿಲ್ಲಿಸಿಕೊಂಡ. ತುಣುಕಿಗೆ ಗಾಳಿ ತಾಗದ ಸೀಸೆ ಇದ್ದರೂ ದಾರಿಯಲ್ಲಿ ತಡವಾಗಕೂಡದೆಂದು ಆಜ್ಞೆಯಾಗಿತ್ತು. ಹಿರಿಯ ವೈದ್ಯರೊಬ್ಬರು ಬಂದು ಒಳಗೆ ಕಾಲಿಡಲು ಹೋದರು.

"ಸಾರ್, ಲಿಫ್ಟ್ ಕೆಟ್ಟಿದೆ."

"ಬಾಗಿಲು ತೆಗ್ದಿದೆ, ದೀಪ ಉರೀತಿದೆ, ಏನಯ್ಯಾ ಕೆಟ್ಟಿರೋದು?"

"ಅದೇ ಸಾರ್. ಬಾಗಿಲು ಮುಚ್ಚಲ್ಲ."

ವೈದ್ಯರು ಗೊಣಗುತ್ತ ಮೆಟ್ಟಿಲಿನ ಕಡೆ ತಿರುಗಿದ್ದೇ ತಡ, ಕನ್ನಡಕ ಒಂದು ಪೆಟ್ಟಿಗೆ ಎದೆಗವಚಿಕೊಂಡು ಓಡಿ ಬಂದ. ಬಾಗಿಲು ಫಟ್ಟನೆ ಮುಚ್ಚಿತು. ಹಿಂದಿನಿಂದ "ಅಯ್ಯೋ ಮುಚ್ತಲ್ಲಯ್ಯಾ!" ಎಂಬ ಕೂಗು ಕ್ಷೀಣವಾಗಿ ಕೇಳಿಸಿತು. ಲಿಫ್ಟ್ ಎಲ್ಲೂ ನಿಲ್ಲದೆ ಇಳಿಯತೊಡಗಿತು.

"ಅವಳು?" ಚಿಕ್ಕಪ್ಪ ಗುಂಡಿಗಳ ಮೇಲಿಂದ ಕಣ್ಣು ತೆಗೆಯದೆ ಕೇಳಿದ.

"ಬಾಗಿಲ ಹತ್ರ ಪೆಟ್ಟಿಗೆ ಕೊಟ್ರು, ಅಷ್ಟೇ. ಇನ್ನೂ ಹೊಲೀತಿದ್ದಾರೆ."

"ಸರ್ಜನ್ನು ಸಿಳ್ಳೆ ಹಾಕ್ತಿದ್ರಾ?"

ಕನ್ನಡಕ ಯೋಚಿಸಿದ. "ಒಳಗೆ ಯಾರೋ ಹಾಕ್ತಿದ್ರು."

ಚಿಕ್ಕಪ್ಪ ಉಸಿರು ಬಿಟ್ಟ. ಅಂಗೈಯನ್ನು ಪೆಟ್ಟಿಗೆಯ ಮುಚ್ಚಳದ ಮೇಲಿಟ್ಟ. "ಬಾಡಿಗೆ ಇಲ್ದೆ ನಮ್ಮನೇಲಿ ಬೇಕಾದಷ್ಟು ದಿನ ಇದ್ದೆ," ಎಂದ ಪೆಟ್ಟಿಗೆಗೆ. "ಇಳಿ ಈಗ."

ನೆಲಮಾಳಿಗೆ ಬಂತು.

ಚಿಕ್ಕಮ್ಮನಿಗೆ ಎಚ್ಚರವಾದಾಗ ಪಕ್ಕದಲ್ಲಿ ನರ್ಸ್ ಇದ್ದರು. ತುಟಿ ಅಲುಗಿದ್ದು ಕಂಡು ಕಿವಿ ಹತ್ತಿರ ತಂದರು. "ಬಟ್ಟಲು... ಒದ್ದೆ ಇತ್ತಾ?" ನರ್ಸ್ ಆಕೆಗೆ ಬಾಯಾರಿಕೆಯಾಗಿದೆ ಎಂದುಕೊಂಡು ತುಟಿಗೆ ನೀರು ಸವರಿದರು. ಚಿಕ್ಕಮ್ಮ ಕಣ್ಣಲ್ಲೇ ಬೈದಳು.

ಸರ್ಜನ್ ಹೇಳಿದಂತೆ ಚುಕ್ಕೆ ಪೂರ್ತಿ ಹೊರಬಂದಿತ್ತು, ಕತ್ತರಿಸಿದ ಅಂಚುಗಳಲ್ಲಿ ಕ್ಯಾನ್ಸರ್ ಉಳಿದಿರಲಿಲ್ಲ. ಮನೆಯವರೆಲ್ಲ ಹಗುರಾದೆವು. ಚಿಕ್ಕಮ್ಮ ಆಗಲಿಲ್ಲ. ಕದಿರಪ್ಪ ನಿಧಾನಸ್ಥ, ಬೆಳೆಯುವುದಕ್ಕೆ ದಿನಗಟ್ಟಲೆ ತೆಗೆದುಕೊಳ್ಳುವವನು. ಗೂಡಿನ ಬಟ್ಟಲನ್ನು ಪದೇ ಪದೇ ಮುಟ್ಟಬಾರದು. ಕನ್ನಡಕ ಸಂದರ್ಶನದ ವೇಳೆಗೆ ಬಂದು ಹಾಸಿಗೆಯ ಕಾಲ ಬಳಿ ನಿಲ್ಲುತ್ತಿದ್ದ.

"ಏನಾದ್ರೂ?"

"ಇನ್ನೂ ಇಲ್ಲ."

"ಮುಚ್ಚಿಡ್ತಿಲ್ಲ ತಾನೆ? ನಾನು ಗಟ್ಟಿಗಿತ್ತಿ, ಹೇಳು."

"ಇಲ್ಲದ್ದನ್ನ ಹೇಗೆ ಮುಚ್ಚಿಡ್ಲಿ ಚಿಕ್ಕಮ್ಮ?"

ಮರುದಿನವೂ ಇಲ್ಲ. ಅದರ ಮರುದಿನ ಅವನು ಬರಲೇ ಇಲ್ಲ. ಚಿಕ್ಕಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. ಎದ್ದು ನಡೆಯಲು ಹೇಳಿದ ಫಿಸಿಯೋಥೆರಪಿಯವರಿಗೆ, ನಡೆದು ಎಲ್ಲಿಗೆ ಹೋಗಬೇಕಾಗಿದೆ ಎಂದು ಕೇಳಿದಳಂತೆ.

ಮಾರನೇ ದಿನ ಬಂದವರು ದೊಡ್ಡ ಮೇಡಂ. ಗಾಲಿಕುರ್ಚಿಯೊಂದನ್ನು ತಾವೇ ತಳ್ಳಿಕೊಂಡು ಬಂದಿದ್ದರು. ಮುಖದಲ್ಲಿ ಏನೂ ಇರಲಿಲ್ಲ.

"ಏಳಿ. ನರ್ಸ್ ಹತ್ರ ಕೇಳಿದೀನಿ. ಕೆಳಗೆ ಹೋಗಿ ಬರೋಣ."

"ಬೋಳು ಬಟ್ಟಲು ನೋಡೋಕೆ ಕುರ್ಚಿ ಬೇರೆ."

"ಕೂತ್ಕೊಳ್ಳಿ ಚಿಕ್ಕಮ್ಮ."

ಲಿಫ್ಟಿನಲ್ಲಿ ಚಿಕ್ಕಪ್ಪ ಮೇಡಂ ಮುಖ ನೋಡಿದ, ಚಿಕ್ಕಮ್ಮನ ಮುಖ ನೋಡಿದ, ಜೀವಮಾನದಲ್ಲಿ ಮೊದಲ ಸಲ ಯಾವ ಮಹಡಿ ಎಂದು ಕೇಳಲು ಮರೆತ. ಆದರೂ ಸರಿಯಾಗಿಯೇ ಇಳಿಸಿದ.

ಗೂಡಿನ ಮುಂದೆ ಕನ್ನಡಕ ನಿಂತಿದ್ದ. ಗವುಸಿನೊಳಗೆ ಕೈ ತೂರಿಸಿ, ಒಂದು ಬಟ್ಟಲನ್ನು ಮೆಲ್ಲಗೆ ಮಗುಚಿ ಗಾಜಿನ ಹತ್ತಿರ ಹಿಡಿದ. ಚಿಕ್ಕಮ್ಮ ಮುಂದಕ್ಕೆ ಬಾಗಿದಳು, ಹೊಲಿಗೆ ಎಳೆದು ಹಲ್ಲು ಕಚ್ಚಿದಳು, ಆದರೂ ಬಾಗಿದಳು. ಕೆಂಪು ಜೆಲ್ಲಿಯ ಮೇಲೆ, ಯಾರೋ ಬ್ರೆಡ್ ಮುರಿದಾಗ ಉದುರಿದ ಪುಡಿಯ ಹಾಗೆ, ಬಿಳಿಚಾದ ಸಣ್ಣ ಸಣ್ಣ ಕಣಗಳು.

"ಯಾರಾದ್ರೂ ಇಲ್ಲಿ ಬ್ರೆಡ್ ತಿಂದ್ರಾ?" ಎಂದಳು.

"ಅವನೇ," ಎಂದರು ಮೇಡಂ. ಈಗ ಅವರ ಮುಖ ತಡೆಯಲಾರದೆ ಅರಳಿತು. "ನಿನ್ನೆ ಇವನು ಬರಲಿಲ್ಲ ಅಂತ ಮುನಿಸಿಕೊಂಡ್ರಂತಲ್ಲ? ಬಂದ್ರೆ ಬಾಯಿಬಿಟ್ಟುಬಿಡ್ತಾನೆ ಅಂತ ನಾನೇ ತಡೆದೆ. ಖಚಿತ ಮಾಡ್ಕೋಬೇಕಿತ್ತು."

ಪಕ್ಕದಲ್ಲೇ ಮೈಕ್ರೋಸ್ಕೋಪು ಸಿದ್ಧವಾಗಿತ್ತು. ಚಿಕ್ಕಮ್ಮ ಕಣ್ಣಿಟ್ಟಳು. ನೀಳ, ಎರಡೂ ತುದಿ ಚೂಪು. ಲಿವರಿನಿಂದ ಜೀವಂತವಾಗಿ ಹೊರಬಂದ, ಆ ಪ್ರಯೋಗಾಲಯದ ಮೊದಲ ಕದಿರಪ್ಪ.

"ಅಯ್ಯೋ ನನ್ನ ಅಪ್ಪಾ," ಎಂದು ಆಕೆ ನಕ್ಕಳು, ಹೊಲಿಗೆ ನೋವಿಗೆ ಅತ್ತಳು, ಮತ್ತೆ ನಕ್ಕಳು. ಕನ್ನಡಕನಿಗೆ ಎಲ್ಲವೂ ಮಂಜಾಗಿ ಕಂಡಿತು. ಅವನ ಕನ್ನಡಕ ಹಣೆಯ ಮೇಲಿತ್ತು.

ಫ್ರೀಜರಿನಲ್ಲಿ ಕಾದಿಟ್ಟಿದ್ದ ಚಿಕ್ಕಮ್ಮನದೇ ಕರುಳಿನ ಕದಿರಪ್ಪನನ್ನೂ ಲಿವರಿನ ಕದಿರಪ್ಪನನ್ನೂ ವಂಶವಾಹಿ ಹೋಲಿಕೆಗೆ ಕಳಿಸಿದರು. ಚಿಕ್ಕಮ್ಮ ಮನೆಗೆ ಮರಳಿ ಓಡಾಡತೊಡಗಿದ ಮೇಲೆ ಫಲಿತಾಂಶ ಬಂತು. ಇಬ್ಬರೂ ಒಂದೇ ಮನೆತನ, ಅವಳಿಗಳಿಗಿಂತ ಹತ್ತಿರ. ಅಂದರೆ ಆಕೆಯ ಕರುಳಿನಲ್ಲಿ ಕೂತಿದ್ದವನೇ ಗಡ್ಡೆಯ ಜೊತೆ ಲಿವರಿನ ತನಕ ಪ್ರಯಾಣ ಮಾಡಿದ್ದ. ಅವನು ದಾರಿ ತೋರಿಸಿದನೋ ಜೊತೆಗೆ ಜೋತುಬಿದ್ದು ಬಂದನೋ, ಅದನ್ನು ಹೇಳಲು ಇನ್ನೂ ಬಹಳ ಕೆಲಸವಿದೆ ಎಂದರು ಮೇಡಂ. ಆದರೆ ಕೆಲಸ ಮಾಡಲು ಈಗ ಜೀವಂತ ಆಸಾಮಿ ಕೈಯಲ್ಲಿದ್ದಾನೆ. ಆಮೇಲೆ ಬಂದ ಲಿವರಿನ ತುಣುಕುಗಳಲ್ಲೂ, ಎಲ್ಲದರಲ್ಲಲ್ಲ, ಕೆಲವದರಲ್ಲಿ, ಬ್ರೆಡ್ ಪುಡಿ ಉದುರತೊಡಗಿತು.

ಮುಂದಿನ ಸ್ಕ್ಯಾನಿನಲ್ಲಿ ಚಿಕ್ಕಮ್ಮನ ಲಿವರಿನಲ್ಲಿ ಯಾವ ಚುಕ್ಕೆಯೂ ಇರಲಿಲ್ಲ. 'ಈಗ ನನ್ನ ಲಿವರೂ ಒಣ ಬಟ್ಟಲಿನ ಥರಾ ಇದೆ' ಎಂದು ಫೋನಿನಲ್ಲಿ ಊರಿಗೆಲ್ಲ ಹೇಳಿಕೊಂಡಳು. ಕೆಲಸಕ್ಕೆ ಮರಳಿದ ವಾರ ಮೇಡಂ ಆಕೆಯನ್ನು ಗೂಡಿನ ಬಳಿ ಕರೆದರು. ಕನ್ನಡಕ ಕೆಲವು ದಿನ ಗವುಸಿನ ಅಭ್ಯಾಸ ಮಾಡಿಸಿದ್ದ. ಒಳಗೆ ಒಂದು ಹೊಸ ಬಟ್ಟಲು, ಅದರ ತುಂಬ ಚಿಕ್ಕಮ್ಮನ ಲಿವರಿನ ಕದಿರಪ್ಪನನ್ನು ತೆಳ್ಳಗೆ ಸವರಿದ್ದರು. ಪಕ್ಕದಲ್ಲಿ ಔಷಧಿ ಹೀರಿಸಿದ ಒಂದು ಪುಟ್ಟ ಕಾಗದದ ಬಿಲ್ಲೆ.

"ಇದನ್ನ ನಡುವೆ ಇಡಿ," ಎಂದರು ಮೇಡಂ. "ಬಟ್ಟಲಲ್ಲಿ ಸತ್ತ ಅಂದ್ರೆ ಮನುಷ್ಯರ ಒಳಗೂ ಸಾಯ್ತಾನೆ ಅಂತ ಅಲ್ಲ, ಕ್ಯಾನ್ಸರ್ ನಿಲ್ಲುತ್ತೆ ಅಂತಲೂ ಅಲ್ಲ. ಅದಕ್ಕೆ ವರ್ಷಗಟ್ಟಲೆ ಬೇಕು. ಆದ್ರೆ ಶುರು ಇಲ್ಲಿಂದಲೇ."

"ಇಷ್ಟು ವರ್ಷ ಬಡಿಸಿದ್ದಾಯ್ತು," ಎಂದು ಚಿಕ್ಕಮ್ಮ ತೋಳುದ್ದದ ಗವುಸಿನೊಳಗೆ ಕೈ ಇಳಿಸಿದಳು. "ಇವತ್ತು ಬಡೀತೀನಿ."

ಚಿಮುಟದಿಂದ ಬಿಲ್ಲೆಯನ್ನು ಎತ್ತಿ, ಉಸಿರು ಬಿಗಿಹಿಡಿದು, ಸರಿಯಾಗಿ ನಡುವೆ ಇಟ್ಟಳು. ಬಟ್ಟಲು ಮುಚ್ಚಿ ಕವುಚಿದಳು.

ದಿನಗಳು ಕಳೆದು ಬಟ್ಟಲು ಮಗುಚಿದಾಗ ಚಿಕ್ಕಪ್ಪನೂ ಊಟದ ವಿರಾಮದಲ್ಲಿ ಕೆಳಗೆ ಬಂದು ನಿಂತಿದ್ದ. ಅಂಚಿನ ಸುತ್ತ ಕದಿರಪ್ಪ ಹುಲುಸಾಗಿ, ದಟ್ಟವಾಗಿ ಬೆಳೆದಿದ್ದ. ನಡುವಿನ ಬಿಲ್ಲೆಯ ಸುತ್ತ, ಎಳೆಮಗುವಿನ ಬಳೆಯಷ್ಟಗಲಕ್ಕೆ, ಒಬ್ಬನೇ ಒಬ್ಬ ಇರಲಿಲ್ಲ.

"ಸತ್ತಾ?" ಚಿಕ್ಕಪ್ಪ ಪಿಸುಗುಟ್ಟಿದ. "ನಿನ್ನ ಅಡುಗೆ ತಿಂದಾ?"

"ರೀ, ಸರಿಯಾಗಿ ನೋಡಿ!" ಚಿಕ್ಕಮ್ಮ ಗಾಜಿನ ಮೇಲೆ ಬೆರಳು ಬಡಿದಳು, ಮೂಗಿನ ತುದಿ ಕೆಂಪಾಗಿತ್ತು. "ಅಂಚಲ್ಲಿ ಎಷ್ಟು ಪೊಗದಸ್ತಾಗಿ ಬೆಳೆದಿದಾನೆ ನೋಡಿ! ಅಂದ್ರೆ ಅಡುಗೆಯಲ್ಲಿ ಒಂದು ಚೂರೂ ದೋಷ ಇಲ್ಲ. ನಡುವೆ ಸತ್ತಿರೋದು ಔಷಧಿಗೇ!"

ಮೇಡಂ ತಲೆದೂಗಿದರು. ಪ್ರಯೋಗದ ಫಲಿತಾಂಶವನ್ನು ಅದಕ್ಕಿಂತ ಚೆನ್ನಾಗಿ ಬರೆಯುವುದು ಹೇಗೆಂದು ಅವರಿಗೂ ತಿಳಿಯಲಿಲ್ಲ.